ಕೊಪ್ಪರಿಗೆಯಲ್ಲಿ ಹುರಿದ ಚಂದ್ರನ ಮಣ್ಣು

ಆ ದಿನ ಹೆದರಬೇಕಾದ್ದನ್ನೆಲ್ಲ ನಾನು ಬೆಳಿಗ್ಗೆಯೇ ಹೆದರಿ ಮುಗಿಸಿದ್ದೆ. ಚೈನು ತುಂಡಾಗುವುದು, ಕೊಕ್ಕೆ ಅರ್ಧದಲ್ಲಿ ಸಿಕ್ಕಿಕೊಳ್ಳುವುದು, ಕರೆಂಟು ಹೋಗುವುದು, ಬೆಂಗಳೂರಿನಿಂದ ಬರುವ ಬಾಸ್ ಕಾರು ಮದ್ದೂರಿನ ಹತ್ತಿರ ಪಂಕ್ಚರಾಗುವುದು, ಎಲ್ಲವನ್ನೂ ಗುತ್ತಲಿನ ನಮ್ಮ ಮನೆಯ ಬಚ್ಚಲಲ್ಲೇ ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡಿದ್ದೆ. ಹೊರಡುವಾಗ ಹೆಂಡತಿ ಊಟದ ಡಬ್ಬಿ ಕೈಗಿಟ್ಟು, "ಎಲ್ಲಾ ಆಯ್ತಾ, ಇನ್ನೂ ಏನಾರ ಉಳ್ಕಂಡದಾ?" ಎಂದು ಕೇಳಿದಳು. ನನ್ನ ಭಯಕ್ಕೆ ಅಡ್ಡ ಬರದೆ ಅದು ಮುಗಿಯುವ ತನಕ ಕಾಯುವುದನ್ನು ಅವಳು ಸಂಸಾರದ ಮೊದಲ ವರ್ಷವೇ ಕಲಿತಿದ್ದಳು.

ಚಂದ್ರನ ಕೆಲಸಕ್ಕೆ ನಾನು ಸೇರಿದ್ದು ಓದಿನ ಬಲದಿಂದಲ್ಲ. ಅರ್ಧ ಆಯಸ್ಸನ್ನು ಒಂದು ಕಾರ್ಖಾನೆಯಲ್ಲಿ ಕ್ರೇನು, ಚೈನ್ ಪುಲ್ಲಿಗಳನ್ನು ನೋಡಿಕೊಳ್ಳುತ್ತ ಕಳೆದವನು ನಾನು. ಬೆಂಗಳೂರಿನ ಒಂದು ಖಾಸಗಿ ಕಂಪನಿ ಚಂದ್ರನ ಮೇಲೆ ತಾನಾಗಿ ಇಳಿಯುವ ಯಂತ್ರವೊಂದನ್ನು, ಅಂದರೆ ಲ್ಯಾಂಡರ್ ಒಂದನ್ನು, ಮಾಡಲು ಹೊರಟಿತ್ತು. ಅದರ ಕಾಲುಗಳನ್ನು ಎತ್ತರದಿಂದ ಬೀಳಿಸಿ ನೋಡಲು ಒಂದು ಜಾಗ ಬೇಕಿತ್ತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿ ಸಿಕ್ಕಿತು. ಭಾರ ಎತ್ತಿಸಿ ಇಳಿಸಲು ಒಬ್ಬ ಆಳು ಬೇಕಿತ್ತು, ನಾನು ಸಿಕ್ಕಿದೆ. "ನಿಮ್ಮ ಸ್ಟ್ರಾಂಗ್ ಪಾಯಿಂಟ್ ಏನು?" ಎಂದು ಬಾಸ್ ಕೇಳಿದಾಗ "ಭಯ ಸಾರ್" ಎಂದಿದ್ದೆ. ಅವರು ನಕ್ಕು ಕೆಲಸ ಕೊಟ್ಟರು. ಸೇರಿದ ವಾರದಲ್ಲೇ ನಾನು ಗಿರಣಿಯ ತುಂಬ ಬೋರ್ಡು ಬರೆಸಿ ಹಾಕಿದೆ. ಬೀಡಿ ಸೇದಬಾರದು, ಚಪ್ಪಲಿ ಹಾಕಿಕೊಂಡು ಬರಬಾರದು, ಕೋಳಿಗಳನ್ನು ಒಳಗೆ ಬಿಡಬಾರದು, ಭಾರದ ಕೆಳಗೆ ಯಾರೂ ಹೋಗಬಾರದು, ಅಲ್ಲಿ ನಿಂತು ಫೋನಿನಲ್ಲಿ ಮಾತಾಡಲೇಬಾರದು.

ಗಿರಣಿಯ ನಡುವೆ ಇಟ್ಟಿಗೆ ಕಟ್ಟೆ ಕಟ್ಟಿ, ಒಳಗೆ ಮೊಣಕಾಲು ಮುಳುಗುವಷ್ಟು ಪುಡಿ ತುಂಬಿಸಿದ್ದೆವು. ಅದೇ ನಮ್ಮ ಚಂದ್ರ. ಮಳವಳ್ಳಿ ಕಡೆಯ ಜಲ್ಲಿ ಕ್ರಷರಿನಿಂದ ತಂದು, ರಾಗಿ ಹಿಟ್ಟಿನ ಹಾಗೆ ಜರಡಿ ಹಿಡಿದ ಕಲ್ಲುಪುಡಿ. ಮೇಲೆ ಚೈನಿನಲ್ಲಿ ನೇತಾಡುತ್ತಿದ್ದದ್ದು ಲ್ಯಾಂಡರಿನ ಚೌಕಟ್ಟು. ಚಂದ್ರನಲ್ಲಿ ಎಲ್ಲದರ ತೂಕವೂ ಕಡಿಮೆಯಾದ್ದರಿಂದ, ಇಲ್ಲೂ ಅಷ್ಟೇ ಭಾರ ಬೀಳಲೆಂದು ಇದಕ್ಕೆ ಎಂಜಿನ್ನು, ಟ್ಯಾಂಕು ಯಾವುದನ್ನೂ ಕೂರಿಸಿರಲಿಲ್ಲ. ಬರೀ ಸುತ್ತಲಿನ ಲೋಹದ ಪಟ್ಟಿ ಮತ್ತು ನಾಲ್ಕು ಕಾಲು. ಸುತ್ತಮುತ್ತಲವರು ಅದನ್ನು ಮಂಚ ಎನ್ನುತ್ತಿದ್ದರು. ಕೊನೆಕೊನೆಗೆ ನಾವೂ ಹಾಗೇ ಅನ್ನತೊಡಗಿದ್ದೆವು.

ಕಾಲುಗಳನ್ನು ಮಾಡಿದವಳು ಹೊಳಲು ಎಂಬ ಊರಿನ ಹೆಣ್ಣುಮಗಳು. ವಯಸ್ಸು ಮೂವತ್ತರ ಮೇಲೆ, ಮಾತು ಕಡಿಮೆ, ಮಾತಾಡಿದರೆ ಎದುರಿನವರಿಗೆ ಉತ್ತರ ಹೊಳೆಯುವುದಿಲ್ಲ. ಪ್ರತಿ ಕಾಲಿನೊಳಗೂ ಜೇನುಗೂಡಿನಂಥ ತೆಳು ಅಲ್ಯೂಮಿನಿಯಂ ತುಂಡೊಂದು ಇರುತ್ತಿತ್ತು. ನೆಲಕ್ಕೆ ಬಡಿದಾಗ ಆ ಗೂಡು ನಜ್ಜಿಹೋಗಿ ಪೆಟ್ಟನ್ನು ತಾನು ನುಂಗಬೇಕು. ಒಮ್ಮೆ ನಜ್ಜಿದರೆ ಮುಗಿಯಿತು, ಮತ್ತೆ ಬಳಸುವ ಹಾಗಿಲ್ಲ. ಮೊದಲ ಸಲದ ಗೂಡುಗಳು ಅಡ್ಡಡ್ಡ ಮಡಿಚಿಕೊಂಡು ಮಂಚ ಪಕ್ಕಕ್ಕೆ ಮಗುಚಿತ್ತು. ಆಮೇಲೆ ಇವಳು ಗೂಡಿನ ರಚನೆಯನ್ನೇ ಬದಲಿಸಿ ಹೊಸದನ್ನು ಮಾಡಿದ್ದಳು. ಬೆಂಗಳೂರಿನ ದೊಡ್ಡವರು ಅದನ್ನು ನೋಡಿ "ನಿಲ್ಲೋದಿಲ್ಲ" ಎಂದಿದ್ದರು. ಇವಳು "ಬೀಳಿಸಿ ನೋಡೋಣ ಸಾರ್" ಎಂದಿದ್ದಳು. ಆ ಬೀಳಿಸುವ ದಿನ ಇದು. ಇದ್ದದ್ದು ಆ ನಾಲ್ಕೇ ಗೂಡು.

ಬೆಳಿಗ್ಗೆ ಅವಳೂ ನಾನೂ ಸೇರಿ ಕಲ್ಲುಪುಡಿಯ ಮೇಲಿನ ಟಾರ್ಪಾಲು ತೆಗೆದು, ಮೇಲ್ಮೈಯನ್ನು ಹಲಗೆಯಿಂದ ಸಮ ಮಾಡಿ, ರಸ್ತೆಯ ಆಚೆ ಇದ್ದ ಹೋಟೆಲಿಗೆ ಇಡ್ಲಿ ತಿನ್ನಲು ಹೋದೆವು. ವಾಪಸು ಬಂದಾಗ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಅವಳ ಹೆಗಲ ಮೇಲಿಂದ ನಾನೂ ನೋಡಿದೆ.

ಚಂದ್ರನ ಮೇಲೆ ರಂಗೋಲಿ ಇತ್ತು.

ಗಿರಣಿ ಗುಡಿಸುತ್ತಿದ್ದ ಅಕ್ಕ ಚೊಂಬು ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಮುಖದಲ್ಲಿ ಕೆಲಸ ಮುಗಿಸಿದ ನೆಮ್ಮದಿ. ಬಕೆಟ್ಟುಗಟ್ಟಲೆ ನೀರು ಚಿಮುಕಿಸಿ, ಧೂಳು ಕೂರಿಸಿ, ಸರಿಯಾಗಿ ನಡುಮಧ್ಯಕ್ಕೆ, ಮಂಚ ಇಳಿಯಬೇಕಾದ ಕಡೆಗೇ, ಚುಕ್ಕಿ ಇಟ್ಟು ಎಳೆದಿದ್ದಳು.

"ಅಕ್ಕ, ಇದೇನು?" ಎಂದೆ. 

"ದೊಡ್ ದೊಡ್ಡೋರು ಬತ್ತಾರೆ ಅಂದ್ರಲ್ಲ ಸಾ. ನೀವು ಮುಸುಕು ತೆಗ್ದು ಹೋದ್ರಿ. ನೋಡುದ್ರೆ ಬರೀ ಧೂಳು. ಬಂದೋರು ಏನಂದ್ಕಂಡಾರು? ಅದ್ಕೆ ನೀರಾಕಿ ಎರಡು ಎಳೆ ಬುಟ್ಟೆ."

ಅವಳನ್ನು ಬೈಯುವಂತಿರಲಿಲ್ಲ. ನೆಂಟರು ಬರುವ ದಿನ ಒಣ ಅಂಗಳವನ್ನು ಹಾಗೇ ಬಿಡುವ ಹೆಂಗಸು ನಮ್ಮ ಸೀಮೆಯಲ್ಲಿ ಇಲ್ಲ. ಕೋಳಿಗಳಿಗೂ ಬೋರ್ಡು ಬರೆಸಿದ್ದ ನಾನು ನೀರಿನ ಬಗ್ಗೆ ಬರೆಸಿರಲಿಲ್ಲ. ಇಷ್ಟು ವರ್ಷ ತರಬೇತಾದ ನನ್ನ ಭಯ, ಬೇಕಾದ ದಿನ ಬೇರೆ ಕಡೆ ನೋಡುತ್ತ ಕೂತಿತ್ತು.

ಹೊಳಲಿನ ಹೆಣ್ಣುಮಗಳು ಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಪುಡಿ ತೆಗೆದು ಅಮುಕಿದಳು. ಬೆರಳು ಬಿಡಿಸಿದಾಗ ಅದು ಅಂಗೈಯಲ್ಲಿ ಉಂಡೆಯಾಗಿ ನಿಂತಿತ್ತು. ಚಂದ್ರನಲ್ಲಿ ನೀರಿಲ್ಲ, ಪುಡಿ ಒಣಗಿರಬೇಕು, ಬೆರಳ ಸಂದಿಯಲ್ಲಿ ಹರಿದುಹೋಗಬೇಕು. ಇದರ ಮೇಲೆ ಬೀಳಿಸಿದರೆ ಗಟ್ಟಿ ನೆಲಕ್ಕೆ ಬೀಳಿಸಿದ ಹಾಗೆ. ಕಾಲು ನಿಂತರೂ ಅರ್ಥವಿಲ್ಲ, ಮುರಿದರೂ ಅರ್ಥವಿಲ್ಲ.

"ಎಷ್ಟು ಆಳಕ್ಕೆ ಇಳಿದಿದೆ?" ಎಂದೆ.

ಅವಳು ತೋಳು ಇಳಿಬಿಟ್ಟು ತೋಡಿದಳು. "ಒಂದು ಗೇಣು ಸಾರ್. ಕೆಳಗೆ ಒಣಗೇ ಅದೆ. ಮೇಲಿಂದು ತೆಗ್ದು ಒಣಗುಸ್ಬೇಕು."

ತೆಗೆದೆವು. ನಮ್ಮ ಕೈಕೆಳಗಿನ ಇಬ್ಬರು ಆಳುಗಳು, ಅವಳು, ನಾನು, ಮಂಕರಿಯಲ್ಲಿ ಹೊತ್ತು ಹಾಕುತ್ತಿದ್ದ ಆ ಅಕ್ಕ. ರಾಗಿ ಕಣ ಮಾಡುವವರ ಹಾಗೆ ಅಂಗಳದಲ್ಲಿ ಟಾರ್ಪಾಲು ಹಾಸಿ ಚಂದ್ರನ ಮಣ್ಣನ್ನು ಹರವಿದೆವು. ಕಾರ್ತಿಕ ಕಳೆದ ಬಿಸಿಲು, ಬೆನ್ನಿಗೆ ಹಿತ, ಬೇರೆ ಏನಕ್ಕೂ ಆಗದು. ಅದರ ಮೇಲೆ ಮಳವಳ್ಳಿ ದಿಕ್ಕಿನಿಂದ ಮೋಡ. ಬಾಸ್ ಬಂದರೆ ಏನು ಹೇಳುವುದು ಎಂದು ನಾನು ಮನಸ್ಸಿನಲ್ಲೇ ಮಾತು ಕಟ್ಟುತ್ತಿದ್ದೆ. ಅಷ್ಟರಲ್ಲಿ ಅವರದ್ದೇ ಫೋನು ಬಂತು.

"ಸಾರ್, ಕೂತ್ಕೊಂಡಿದ್ದೀರಾ?" ಎಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನನ್ನನ್ನು ಸಾರ್ ಎಂದೇ ಕರೆಯುತ್ತಿದ್ದರು.

"ನಿಂತಿದ್ದೀನಿ. ಹೇಳಿ."

"ಲ್ಯಾಂಡರ್ ಕ್ಯಾನ್ಸಲ್ ಆಯ್ತು. ದುಡ್ಡು ಹಾಕಿದವರು ಬೆಳಿಗ್ಗೆ ತೀರ್ಮಾನ ಮಾಡಿದ್ರು. ಇನ್ಮೇಲೆ ಕಂಪನಿ ಉಪಗ್ರಹದ ಬಿಡಿಭಾಗ ಮಾತ್ರ ಮಾಡುತ್ತೆ. ಇವತ್ತು ಸಂಜೆಯಿಂದ ಅಲ್ಲಿ ಯಾರೂ ಏನೂ ಮುಟ್ಟೋ ಹಾಗಿಲ್ಲ. ನಾಳೆ ಬಂದು ಸೀಲ್ ಮಾಡ್ತಾರೆ."

ನನ್ನ ಬಾಯಿಂದ ಬಂದದ್ದು, "ಇವತ್ತಿನ ಟೆಸ್ಟು?"

"ನಾನು ಬರ್ತಿಲ್ಲ ಸಾರ್."

"ಅದು ಗೊತ್ತಾಯ್ತು. ಟೆಸ್ಟು?"

ಅವರು ಕಾರಿನ ಗಾಜು ಏರಿಸಿದರೇನೋ, ಬೆಂಗಳೂರಿನ ಹಾರ್ನು ನಿಂತಿತು. ಆಮೇಲೆ, "ಸಂಜೆಯಿಂದ ಅಂದೆ. ಈಗಿನ್ನೂ ಮಧ್ಯಾಹ್ನ. ಆದ್ರೆ ಯಾರಿಗಾದ್ರೂ ಏಟು ಗೀಟು ಬಿದ್ರೆ ನಾನು ಏನೂ ಹೇಳಿರಲಿಲ್ಲ" ಎಂದು ಇಟ್ಟುಬಿಟ್ಟರು.

ಅಂಗಳದಲ್ಲೇ ಅವಳಿಗೆ ಎಲ್ಲ ಹೇಳಿದೆ. ಒಂದು ಮಾತೂ ಬಿಡಲಿಲ್ಲ, ಕೊನೆಯದನ್ನೂ. ಅವಳು ಕೈಯಲ್ಲಿದ್ದ ಸಲಿಕೆಯನ್ನು ಗೋಡೆಗೆ ಒರಗಿಸಿ, ಟಾರ್ಪಾಲಿನ ಮೇಲಿನ ಪುಡಿಯನ್ನು ಕಾಲಿನಿಂದ ಕೆದಕಿದಳು. ಅಳುತ್ತಾಳೇನೋ ಎಂದು ನನಗೆ ಗಾಬರಿಯಾಯಿತು. ಅಳುವವರ ಎದುರು ನಿಲ್ಲುವುದು ನನಗೆ ಬರುವುದಿಲ್ಲ.

"ಕ್ಯಾನ್ಸಲ್ ಆಗ್ಲಿ ಬುಡಿ ಸಾರ್," ಎಂದಳು. "ಅದು ಅವ್ರ ಇಷ್ಟ. ನನ್ನ ಕಾಲು ನಿಲ್ತದೋ ಇಲ್ವೋ ನಂಗೆ ಗೊತ್ತಾಗ್ಬೇಕಲ್ಲ. ನಾಳೆ ಸೀಲ್ ಮಾಡಿ, ಆಮೇಲೆ ಗುಜರಿಗೆ ಹಾಕ್ತಾರೆ. ಸಾಯೋ ತನ್ಕ ನಿಲ್ತಿತ್ತೇನೋ, ಬೀಳ್ತಿತ್ತೇನೋ ಅಂತ ಕೂತಿರ್ಲಾ ನಾನು?"

"ಕತ್ತಲಾಗೋದ್ರೊಳಗೆ ಇದು ಒಣಗೋದಿಲ್ಲಮ್ಮ."

ಅವಳು ಗಿರಣಿಯ ಹಿಂದಿನ ಕಬ್ಬಿನ ಗದ್ದೆಯ ಕಡೆ ನೋಡುತ್ತಿದ್ದಳು. ಅಲ್ಲಿ ಆಲೆಮನೆಯ ಹೊಗೆ ಏಳುತ್ತಿತ್ತು.

"ಹುರುದ್ರೆ?" ಎಂದಳು.

ಆಲೆಮನೆಯ ಯಜಮಾನ ನನ್ನ ವಯಸ್ಸಿನವನು, ಬಾಯಿ ಜೋರು. ನಮ್ಮ ಕೆಲಸವನ್ನು ಶುರುವಿನಿಂದಲೂ ಗೇಲಿ ಮಾಡಿದವನು. ಒಲೆಯ ಮೇಲಿನ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಅಂಚು ಸೀಳಿದ ಹಳೆಯ ಕೊಪ್ಪರಿಗೆಯೊಂದು ಹೊಂಗೆ ಮರದ ಕೆಳಗೆ ಮಗುಚಿ ಬಿದ್ದಿತ್ತು. ನಾನು ಅದನ್ನು ತೋರಿಸಿ, ಪಕ್ಕದ ಖಾಲಿ ಒಲೆಯಲ್ಲಿ ಸ್ವಲ್ಪ ಮಣ್ಣು ಹುರಿದುಕೊಳ್ಳುತ್ತೇವೆ ಎಂದೆ. ಹೇಳುವಾಗಲೇ ಅದು ಎಷ್ಟು ಹುಚ್ಚಾಗಿ ಕೇಳಿಸುತ್ತಿದೆ ಎಂದು ಗೊತ್ತಾಗುತ್ತಿತ್ತು.

"ಬೆಲ್ಲದ ಕೊಪ್ಪರಿಗೇಲಿ ಮಣ್ಣು ಉರೀತೀರಾ?" ಎಂದ. "ಚಂದ್ರನ್ ಸಾಹೇಬ್ರೆ, ಅದ್ರಲ್ಲಿ ನಮ್ಮಪ್ಪ ಬೆಲ್ಲ ತೆಗ್ದವ್ನೆ. ವರ್ಸಾ ವರ್ಸಾ ಪೂಜೆ ಮಾಡ್ತೀವಿ. ಬೇರೆ ಏನಾರ ಕೇಳಿ. ಬೆಲ್ಲ ಕೇಳಿ, ಅಚ್ಚು ಅಚ್ಚೇ ಕೊಡ್ತೀನಿ."

ನಾನು ತಲೆಯಾಡಿಸಿ ತಿರುಗುವವನಿದ್ದೆ. ಅಷ್ಟರಲ್ಲಿ ನಮ್ಮ ಹಿಂದೆಯೇ ಬಂದಿದ್ದ ಆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಲೇ, ಕೊಡ್ಲಾ. ನೀರಾಕಿ ಕೆಡ್ಸಿರೋಳು ನಾನು. ನೋಡು ಈ ಕೂಸು, ಆಗ್ಲಿಂದ ಬಾಯಿಗೆ ನೀರು ಬುಟ್ಟಿಲ್ಲ."

"ನಿಂಗ್ಯಾಕಕ್ಕ ಇವೆಲ್ಲ? ಬಿದ್ದೋಗೋ ಮಂಚಕ್ಕೆ."

"ಬಿದ್ರೆ ಬೀಳ್ಲಿ. ನೀನು ತಳ ಹತ್ಸಿ ಕಪ್ಪು ಬೆಲ್ಲ ತೆಗ್ದಾಗ ನಾವು ತಿನ್ನಿಲ್ವಾ ಸುಮ್ಕೆ?"

ಒಲೆಗೆ ಉರಿ ಹಾಕುತ್ತಿದ್ದವರು ನಕ್ಕರು. ಯಜಮಾನ ಅವರ ಕಡೆ ಒಮ್ಮೆ ಕೆಂಗಣ್ಣು ಬಿಟ್ಟು, ಹೆಗಲ ಮೇಲಿನ ಟವಲು ಕೊಡವಿ, "ತಡೀರಿ, ಕರ್ಪೂರ ಹಚ್ತೀನಿ. ಆಮ್ಯಾಕೆ ಏನಾರ ಮಾಡ್ಕಳಿ" ಎಂದ.

ಆಮೇಲಿನದು ಬರೀ ಹೊಗೆ, ಬೆವರು. ಕಬ್ಬಿನ ಸಿಪ್ಪೆಯ ಉರಿ ಭಗ್ಗೆಂದು ಏಳುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಒಬ್ಬರು ಎಡೆಬಿಡದೆ ತುಂಬುತ್ತಲೇ ಇರಬೇಕು. ಪುಡಿಯಿಂದ ಆವಿ ಏಳುತ್ತಿತ್ತು. ಯಜಮಾನ ಮೊದಲು ದೂರ ನಿಂತು ನೋಡಿದ. ನಾವು ಮರದ ಹುಟ್ಟನ್ನು ಆಡಿಸುವ ಚಂದ ನೋಡಲಾರದೆ, "ಕೊಡಿ ಇತ್ಲಾಗೆ, ಗಂಜಿ ತಿರುವ್ದಂಗೆ ತಿರುವ್ತೀರ" ಎಂದು ತಾನೇ ಕಿತ್ತುಕೊಂಡ. ಹುರಿದದ್ದನ್ನು ತಗಡಿನ ಮೇಲೆ ಆರಹಾಕಿ, ಆರಿದ್ದನ್ನು ಮಂಕರಿಯಲ್ಲಿ ಗಿರಣಿಗೆ ಸಾಗಿಸುತ್ತಿದ್ದೆವು. ಹೊಳಲಿನವಳು ಪ್ರತಿ ಮಂಕರಿಯಿಂದಲೂ ಒಂದು ಹಿಡಿ ತೆಗೆದು ಅಮುಕುತ್ತಿದ್ದಳು. ಉಂಡೆ ಕಟ್ಟಿದರೆ ವಾಪಸು. ಹರಿದರೆ ಒಳಗೆ.

ಈ ನಡುವೆ ನಾನು ಚೈನು ನೋಡುವ ನೆಪದಲ್ಲಿ ಗಿರಣಿಗೆ ಹೋಗಿ ಬರುತ್ತಿದ್ದೆ. ಚೈನಿಗೆ ಏನೂ ಆಗಿರಲಿಲ್ಲ. ಆಗಿದ್ದದ್ದು ನನಗೆ. ಕ್ಯಾನ್ಸಲ್ ಆದ ಕೆಲಸದಲ್ಲಿ ಯಾರಾದರೂ ಗಾಯಗೊಂಡರೆ ಅದು ಯಾರ ಕೆಲಸ? ಪೇಪರಿನಲ್ಲಿ ನನ್ನ ಫೋಟೋ ಯಾವ ಪುಟದಲ್ಲಿ ಬರುತ್ತದೆ? ಬಸರಾಳಿನ ನನ್ನ ಅತ್ತೆ ಅದನ್ನು ಯಾರ್ಯಾರಿಗೆ ಓದಿಸುತ್ತಾರೆ? ಒಂದು ಫೋನು ಮಾಡಿ "ಆಗಲಿಲ್ಲ, ಮಣ್ಣು ಒಣಗಲಿಲ್ಲ" ಎಂದರೆ ಸಾಕಿತ್ತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಫೋನು ಕೈಯಲ್ಲೇ ಇತ್ತು. ಹೊರಗಿನಿಂದ ಅವಳು "ಸಾರ್, ಇದು ಹರೀತದೆ" ಎಂದು ಕೂಗಿದಳು. ಫೋನು ಜೇಬಿಗೆ ಹಾಕಿ ಮಂಕರಿ ಹಿಡಿಯಲು ಹೋದೆ.

ಬಿಸಿಲು ಗಿರಣಿಯ ಹೆಂಚಿನಿಂದ ಇಳಿದು ಗೋಡೆಗೆ ಬಂದಿತ್ತು. ಕೊನೆಯ ಮಂಕರಿ ಸುರಿದು, ಹಲಗೆಯಿಂದ ಸಮ ಮಾಡಿ, ಅವಳು ಲ್ಯಾಪ್‌ಟಾಪಿನ ಮುಂದೆ ಕೂತಳು. ಕಾಲುಗಳಿಗೆ ಅಂಟಿಸಿದ್ದ ಸೆನ್ಸರುಗಳ ಲೆಕ್ಕ ಅದರ ಮೂಲಕ ಬೆಂಗಳೂರಿಗೆ ಹೋಗಬೇಕಿತ್ತು. ಅವಳು ಕೀಲಿ ಒತ್ತಿದಳು, ಮತ್ತೆ ಒತ್ತಿದಳು.

"ಲಾಗಿನ್ ಕಿತ್ತಾಕವ್ರೆ ಸಾರ್."

"ಹಂಗಂದ್ರೆ?"

"ಬಿದ್ರೂ ಯಾವ ಲೆಕ್ಕವೂ ಉಳಿಯಲ್ಲ. ನಾವು ಕಣ್ಣಲ್ಲಿ ನೋಡಿದ್ದೇ ಲೆಕ್ಕ."

ಹೊರಗೆ ಮೋಡ ಗುಡುಗಿತು. ಅವಳು ಲ್ಯಾಪ್‌ಟಾಪು ಮುಚ್ಚಿ, ಪ್ರತಿ ಕಾಲಿನ ಮೇಲೂ ಸುಣ್ಣದಲ್ಲಿ ಒಂದು ಗೆರೆ ಎಳೆದು, ಸ್ಟೀಲಿನ ಸ್ಕೇಲಿನಲ್ಲಿ ಅಳೆದು ಅಂಗೈ ಮೇಲೆ ಬರೆದುಕೊಂಡಳು. ನಾನು ಎಲ್ಲರನ್ನೂ ಹಗ್ಗದ ಆಚೆ ನಿಲ್ಲಿಸಿದೆ. ಆಳುಗಳು, ಅಕ್ಕ, ಟವಲು ಹೆಗಲಿಗೇರಿಸಿದ ಯಜಮಾನ. ಮಂಚ ಮೇಲೆ ತೂಗುತ್ತಿತ್ತು. ಕೊಕ್ಕೆ ಬಿಡಿಸುವ ಹಗ್ಗ ಕೈಗೆ ಸುತ್ತಿಕೊಂಡೆ. ಇನ್ನೊಮ್ಮೆ ಕೊಕ್ಕೆ ನೋಡಿ ಬರುತ್ತೇನೆ ಎಂದೆ.

"ನೋಡಿದ್ದೀರ ಸಾರ್," ಎಂದಳು ಅವಳು.

"ಯಾರಾದರೂ ಕೆಳಗೆ..."

"ಯಾರೂ ಇಲ್ಲ ಸಾರ್. ಎಳೀರಿ."

ಎಳೆದೆ. ಏನೂ ಆಗಲಿಲ್ಲ. ಸಿಕ್ಕಿಕೊಂಡಿತು, ಬೆಳಿಗ್ಗೆ ಬಚ್ಚಲಲ್ಲಿ ಕಂಡಿದ್ದೇ ಆಯಿತು ಎಂದುಕೊಳ್ಳುವಷ್ಟರಲ್ಲಿ ಕೊಕ್ಕೆ ಠಣ್ ಎಂದಿತು. ಮಂಚ ಬಿತ್ತು. ಸದ್ದು ನಾನು ಎಣಿಸಿದಷ್ಟು ದೊಡ್ಡದಿರಲಿಲ್ಲ, ಭತ್ತದ ಮೂಟೆ ಇಳಿಸಿದ ಹಾಗೆ. ಆದರೆ ಪುಡಿ ಎದ್ದು ಗಿರಣಿ ಪೂರ್ತಿ ಬೂದು ಬಣ್ಣವಾಯಿತು. ಒಳಗೆ ಎಲ್ಲೋ ಲೋಹ ನರಳುವ ಸದ್ದು, ನಿಧಾನಕ್ಕೆ, ಒಂದು ಕಡೆಗೆ ವಾಲುವ ಸದ್ದು.  ನಾನು ಖಾಲಿ ಹಗ್ಗವನ್ನೇ ಇನ್ನೂ ಬಿಗಿಯಾಗಿ ಎಳೆಯುತ್ತಿದ್ದೆ, ನಾನು ಹಿಡಿದರೆ ಅದು ಬೀಳುವುದಿಲ್ಲ ಎನ್ನುವ ಹಾಗೆ.

ಪುಡಿ ಇಳಿಯಿತು. ಮಂಚ ನಿಂತಿತ್ತು. ಎಡಕ್ಕೆ ವಾಲಿ, ಆದರೆ ನಿಂತಿತ್ತು.

ಆಲೆಮನೆಯ ಯಜಮಾನ ಕೆಮ್ಮಿ, "ಇಷ್ಟೇಯಾ?" ಎಂದ. "ಇಷ್ಟಕ್ಕಾ ನಮ್ಮಪ್ಪನ ಕೊಪ್ಪರಿಗೆ?"

"ನಿಂತದೆ ಕಣ್ಲಾ," ಎಂದಳು ಅಕ್ಕ. "ಕಣ್ಣು ಕಾಣ್ಸಲ್ವಾ?"

ಹೊಳಲಿನವಳು ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಕಟ್ಟೆ ದಾಟಿ, ಪುಡಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಸ್ಕೇಲು ಹಿಡಿದು ಒಂದೊಂದೇ ಕಾಲಿನ ಕೆಳಗೆ ತೂರುತ್ತಿದ್ದಳು. ಭಾರದ ಕೆಳಗೆ ಯಾರೂ ಹೋಗಬಾರದು ಎಂಬ ನನ್ನದೇ ಬೋರ್ಡು ಅವಳ ತಲೆಯ ಮೇಲಿತ್ತು.  ಓಡಿ ಹೋಗಿ ಮಂಚಕ್ಕೆ ಚೈನು ಬಿಗಿದು ಹಿಡಿದುಕೊಂಡೆ. ತುಂಬ ಹೊತ್ತಿನ ಮೇಲೆ ಅವಳು ಹೊರಗೆ ಬಂದಳು. ರೆಪ್ಪೆಯ ಮೇಲೆಲ್ಲ ಪುಡಿ.

"ಮೂರು ಗೂಡು ಹೇಳಿದಂಗೆ ನಜ್ಜೋಗವೆ. ನಾಲ್ಕನೇದು ಅರ್ಧಕ್ಕೇ ನಿಂತದೆ. ಅದ್ಕೇ ವಾಲಿರೋದು." ಸ್ಕೇಲು ಒರೆಸಿಕೊಂಡು, "ಆದ್ರೆ ಬೀಳಲಿಲ್ಲ" ಎಂದಳು. ಆಗ ಕೂತು, ಅಕ್ಕ ಕೊಟ್ಟ ನೀರು ಕುಡಿದಳು.

ಮಾರನೆಯ ದಿನ ಸೀಲ್ ಮಾಡಲು ಬಂದವರು ಇಬ್ಬರು. ಅವರಲ್ಲೊಬ್ಬ ಬಾಗಿಲಿಗೆ ಟೇಪು ಸುತ್ತುವ ಮೊದಲು ಒಳಗೆ ಇಣುಕಿ, "ಇದು ಮೇಲೆ ನೇತಾಡ್ತಿದೆ ಅಂದಿದ್ರಲ್ಲ?" ಎಂದ.

"ಇಳಿಸಿದ್ದೀವಿ," ಎಂದೆ. ಆ ಒಂದು ಪದ ಹೇಳಲು ನಾನು ಮದ್ದೂರಿನಿಂದ ಗಿರಣಿಯ ತನಕ ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದೆ. ಅವನು ತಲೆಯಾಡಿಸಿ ಟೇಪು ಸುತ್ತಿದ. ಅವನಿಗೆ ಅದರಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ.

ಹೊಳಲಿನವಳೂ ನಾನೂ ನಮ್ಮ ನಮ್ಮ ಸಾಮಾನು ತೆಗೆದುಕೊಂಡು ರಸ್ತೆ ಬದಿಯ ಬಸ್ ಸ್ಟಾಪಿನಲ್ಲಿ ಕೂತೆವು. ನಾಳೆಯಿಂದ ಇಬ್ಬರಿಗೂ ಕೆಲಸ ಇರಲಿಲ್ಲ. ಏನಾದರೂ ಸಮಾಧಾನ ಹೇಳಬೇಕು ಎಂದು ನಾನು ಮಾತು ಹುಡುಕುತ್ತಿದ್ದೆ. ಅವಳು ಕಲ್ಲುಬೆಂಚಿನ ಧೂಳಿನಲ್ಲಿ ಬೆರಳಿನಿಂದ ಏನೋ ಗೀಚುತ್ತಿದ್ದಳು. ಗೂಡಿನ ಷಡ್ಭುಜಗಳು, ಒಂದರ ಪಕ್ಕ ಒಂದು.

"ಸಾರ್, ನಾಲ್ಕನೇದು ಯಾಕೆ ಅರ್ಧಕ್ಕೆ ನಿಲ್ತು ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಮಂಚ ಸ್ವಲ್ಪ ಓರೆಯಾಗಿ ಬಿತ್ತು. ನೀವು ಹಗ್ಗ ಎಳೆದಾಗ ಕೊಕ್ಕೆ ತಡವಾಗಿ ಬಿಟ್ಟಿತಲ್ಲ?"

"ಕೊಕ್ಕೆ ಸರಿಯಾಗೇ ಇತ್ತು," ಎಂದೆ. "ನಿನ್ನ ಗೂಡೇ ದಪ್ಪ ಆಯಿತೇನೋ."

"ದಪ್ಪ ಅಲ್ಲ ಸಾರ್. ನೋಡಿ ಇಲ್ಲಿ."

ಮದ್ದೂರಿನ ಬಸ್ಸು ಬಂದು ನಿಂತು, ಕಂಡಕ್ಟರು "ಬತ್ತೀರಾ ಇಲ್ವಾ?" ಎಂದು ಕೇಳಿದ. ಅವಳು ತಲೆ ಎತ್ತಲಿಲ್ಲ. ನಾನು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಬಗ್ಗಿದೆ. ಬಸ್ಸು ಹೋಯಿತು.